ಸಭಾಭವನದ ಮೂರು ಕೀಲಿಗಳು

ಇಳಕಲ್ಲಿನ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳಿಕೊಡುತ್ತಿದ್ದವನು ನಾನು. ಹೊಸದಾಗಿ ಹುಟ್ಟಿದ ಪ್ರಜಾಪ್ರಭುತ್ವಗಳಲ್ಲಿ ಸಂಸತ್ತಿಗೆಷ್ಟು, ಅಧ್ಯಕ್ಷನಿಗೆಷ್ಟು, ಸರ್ಕಾರಕ್ಕೆಷ್ಟು ಅಧಿಕಾರ ಎಂಬ ಪಾಠ ಬಂತೆಂದರೆ ನನಗೆ ಹಬ್ಬ. ನಿವೃತ್ತನಾದ ಮೇಲೆ ಕೇಳುವವರಿಲ್ಲದೆ ಬಾಯಿ ತುರಿಸುತ್ತಿತ್ತು. ಆಗಲೇ ನವನಗರದ ನಮ್ಮ ಓಣಿಯವರು ಸಂಘ ಕಟ್ಟಿ, ನಿಯಮಾವಳಿ ಬರೆದುಕೊಡಿ ಎಂದರು. ಇನ್ನು ಕೇಳಬೇಕೆ?

ಸಂಘದ ಸಭಾಭವನದ ಬಾಗಿಲಿಗೆ ಮೂರು ಕೀಲಿ ಹಾಕಿಸಿದೆ. ಒಂದರ ಕೀಲಿಕೈ ಸರ್ವಸದಸ್ಯರ ಸಭೆಯ ಪರವಾಗಿ ಓಣಿಯ ಹಿರಿಯರೊಬ್ಬರಿಗೆ. ಆ ಸಭೆಯೇ ನಮ್ಮ ಸಂಸತ್ತು. ಇನ್ನೊಂದು ಅಧ್ಯಕ್ಷರಾದ ಮಾಜಿ ಹೆಡ್‌ಮಾಸ್ತರರಿಗೆ. ಮೂರನೆಯದು ಕಾರ್ಯದರ್ಶಿಯಾದ ನನಗೆ, ಸರ್ಕಾರವೆಂದರೆ ನಾನೇ. ಒಬ್ಬರೇ ಬಾಗಿಲು ತೆಗೆಯುವಂತಿಲ್ಲ. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ. ಆದರೆ ದಿನಾ ಬೆಳಕು ಹರಿಯುತ್ತಲೇ ಕಸ ಗುಡಿಸಲು ಬರುವ ಹೆಣ್ಣುಮಗಳಿಗೆ ಮೂವರೂ ಹೋಗಿ ಬಾಗಿಲು ತೆಗೆದುಕೊಡಬೇಕಲ್ಲ. ಎರಡು ದಿನ ಎದ್ದು ಹೋದೆ. ಮೂರನೆಯ ದಿನ ಕೀಲಿಕೈಯನ್ನೇ ಆಕೆಗೆ ಕೊಟ್ಟು, "ಯಾರಿಗೂ ಹೇಳಬ್ಯಾಡವಾ" ಎಂದೆ.

ಕೆಲವು ತಿಂಗಳ ಮೇಲೆ ಆಕೆಯೇ ನನ್ನ ಹತ್ತಿರ ಬಂದಳು. "ಸರ, ಮಗಳ ಕುಬಸದ ಕಾರ್ಯ ಐತ್ರಿ, ಚೊಚ್ಚಲ ಬಸುರಿ. ನಮ್ಮ ಮನ್ಯಾಗ ನಾಕ್ ಮಂದಿ ಕುಂದ್ರಾಕ ಜಾಗಿಲ್ಲ. ಶುಕ್ರವಾರ ಹಾಲ್ ಕೊಡ್ರಿ."

ಅಧ್ಯಕ್ಷರ ಸಹಿ ಇಲ್ಲದೆ ಸರ್ಕಾರ ಕದಲುವುದಿಲ್ಲ ಎಂದೆ. ಸಭೆಯ ಠರಾವಿಲ್ಲದೆ ಸಹಿ ಹಾಕುವುದಿಲ್ಲ ಎಂದರು ಅಧ್ಯಕ್ಷರು. ಸಭೆ ಕರೆಯುವುದು ಕಾರ್ಯದರ್ಶಿಯ ಕೆಲಸ ಎಂದು ಹಿರಿಯರು ಆಕೆಯನ್ನು ಮತ್ತೆ ನನ್ನ ಕಡೆಗೇ ಕಳಿಸಿದರು. ಏಳು ದಿನ ಮೊದಲು ನೋಟಿಸು ಕೊಡಬೇಕು ಎಂಬ ನಿಯಮವನ್ನು ನಾನು ತೆಗೆದು ತೋರಿಸಿದೆ. ಖರೆ ಹೇಳುತ್ತೇನೆ, ನನಗೆ ಭಾಳ ಖುಷಿಯಾಗಿತ್ತು. ಮೂವತ್ತು ವರ್ಷ ಹೇಳಿದ ಪಾಠ ನಮ್ಮ ಓಣಿಯಲ್ಲೇ ನಡೆಯುತ್ತಿತ್ತು.

ಶುಕ್ರವಾರ ಹೋಗಿ ನೋಡಿದರೆ ಭವನದ ಮೆಟ್ಟಿಲ ಮೇಲೆಯೇ ಕುಬಸ ನಡೆದಿತ್ತು. ಹಸಿರು ಸೀರೆ ಉಟ್ಟು ಗುಳೇದಗುಡ್ಡದ ಖಣದ ಕುಪ್ಪಸ ತೊಟ್ಟ ಹುಡುಗಿ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಕೂತಿದ್ದಳು. ಹಣೆಯ ಕುಂಕುಮ ಬೆವರಿಗೆ ಇಳಿಯುತ್ತಿತ್ತು. ನನಗೆ ನಾಚಿಕೆಯಾಯಿತು.

"ನನ್ನ ಕೀಲಿಕೈ ತಗಿಯವಾ, ಉಳಿದೆರಡು ನಾ ಇಸಗೊಂಡ್ ಬರ್ತೇನಿ" ಎಂದೆ.

ಆಕೆ ಸೊಂಟದ ಚೀಲ ಬಿಚ್ಚಿದಳು. ಮೂರೂ ಅಲ್ಲೇ ಇದ್ದವು. ಅಧ್ಯಕ್ಷರಿಗೂ ಹಿರಿಯರಿಗೂ ಮುಂಜಾನೆ ಏಳಲು ಬೇಸರವಂತೆ.

"ಮತ್ತ ನೀನ ಬಾಗಿಲಾ ತಗೀಬಾರದಿತ್ತೇನ?"

"ನೀವು ಯಾರೂ ಹೂಂ ಅಂದಿರಲಿಲ್ಲಲ್ರಿ ಸರ."

ಠರಾವಿಲ್ಲದೆ, ಸಹಿಯಿಲ್ಲದೆ, ನಾನು ಹೂಂ ಅಂದೆ. ಆಕೆ ಮೂರೂ ಕೀಲಿ ತೆಗೆದಳು. ಮಗಳನ್ನು ಒಳಗೆ ಕರೆಯುವ ಮೊದಲು ಕಸಬರಿಗೆ ಹಿಡಿದು ಹಾಲ್ ಗುಡಿಸಿದಳು.