ಸುಖವಾಗಿದ್ದೇನೆ ಎಂದ ತಪ್ಪಿಗೆ

ಔರಾದದ ತಹಸೀಲ ಕಚೇರಿಯಲ್ಲಿ ನಾನು ಮೂರು ವರ್ಷದಿಂದ ಹಂಗಾಮಿ ಗುಮಾಸ್ತನಾಗಿದ್ದೆ. ನೌಕರಿ ಕಾಯಂ ಆಗುವವರೆಗೆ ಮಗಳನ್ನು ಕೊಡುವುದಿಲ್ಲ ಎಂದು ಭಾಲ್ಕಿಯ ಹಿರಿಯರೊಬ್ಬರು ಖಡಾಖಡಿ ಹೇಳಿದ್ದರು. ಹುಡುಗಿಯನ್ನು ನೋಡಿ ಬಂದ ಮೇಲೆ ನನಗೆ ಬೇರೆ ಧ್ಯಾನವೇ ಇರಲಿಲ್ಲ.

ನಿಜಾಮನ ಕಾಲದ ಸಾಹೇಬರು ಹೇಗಿದ್ದೀ ಎಂದು ಕೇಳಿದರೆ, ಚಳಿಜ್ವರದಲ್ಲಿ ನಡುಗುತ್ತಿದ್ದರೂ "ಹುಜೂರ್ ಕೀ ಮೆಹರ್ಬಾನಿ", ಎಲ್ಲ ತಮ್ಮ ದಯೆ, ಎನ್ನಬೇಕು. ಅದನ್ನು ಕಲಿಸಿದವರು ನಮ್ಮ ಹೆಡ್ ಗುಮಾಸ್ತರು. ನಾನು ಬರೆದದ್ದಕ್ಕೆಲ್ಲ ತಾವೇ ಶಾಬಾಶ್ ಅನ್ನಿಸಿಕೊಳ್ಳುವಷ್ಟು ಶ್ರಮಜೀವಿಗಳು.

ಆಮೇಲೆ ಪೊಲೀಸ್ ಆ್ಯಕ್ಷನ್ ಆಗಿ ನಿಜಾಮನ ಆಳ್ವಿಕೆ ಮುಗಿಯಿತು. ಜನ ಜೀವ ಕೈಯಲ್ಲಿ ಹಿಡಿದು ಕೂತಿದ್ದ ದಿನಗಳು. ಅವುಗಳ ಬಗ್ಗೆ ತಮಾಷೆ ಮಾಡಲಾರೆ. ಕಚೇರಿಯ ಬಗ್ಗೆ ಮಾಡಬಲ್ಲೆ. ಹೆಡ್ ಗುಮಾಸ್ತರ ರೂಮಿ ಟೋಪಿ ಹೋಗಿ ಗಾಂಧಿ ಟೋಪಿ ಬಂತು. ಟೋಪಿಯ ಕೆಳಗಿನದು ಮಾತ್ರ ಇದ್ದಂತೆಯೇ ಇತ್ತು.

ಹೊರಗಿನಿಂದ ಬಂದ ಹೊಸ ಸಾಹೇಬರು ಒಬ್ಬೊಬ್ಬರನ್ನೇ ಒಳಗೆ ಕರೆದು, "ಕೆಲಸದಲ್ಲಿ ತೃಪ್ತಿ ಇದೆಯೇ? ಸಂಕೋಚವಿಲ್ಲದೆ ಹೇಳಿ" ಎಂದು ಕೇಳತೊಡಗಿದರು. ಇಂಥ ಪ್ರಶ್ನೆಯನ್ನು ನಮ್ಮ ಹೆತ್ತವರೂ ಕೇಳಿದವರಲ್ಲ. ಕಾಯಂ ಜಾಗ ಖಾಲಿ ಇದ್ದದ್ದು ಒಂದೇ. ನನಗಿಂತ ಕಿರಿಯ ಹಂಗಾಮಿಯೊಬ್ಬ ನನಗಿಂತ ಮೊದಲು ಒಳಗೆ ಹೋಗಿ ಕುರ್ಚಿಯ ಕಾಲಿನಿಂದ ಹಿಡಿದು ಹೆಡ್ ಗುಮಾಸ್ತರವರೆಗೆ ಎಲ್ಲವನ್ನೂ ದೂರಿದ. ಪರದೆಗೆ ಕಿವಿ ಹಚ್ಚಿ ನಿಂತಿದ್ದ ಹೆಡ್ ಗುಮಾಸ್ತರು, "ಇವನ ಕತಿ ಮುಗೀತು ನೋಡ್ರಿ" ಎಂದರು. ನಾವೆಲ್ಲ ನಕ್ಕೆವು.

ನನ್ನ ಸರದಿ ಬಂತು. ಮೂರು ವರ್ಷದ ಸಂಕಟವನ್ನೆಲ್ಲ ಹೇಳಿಬಿಡಬೇಕೆಂದೇ ಒಳಗೆ ಹೋದೆ. ಬಾಯಿ ತೆರೆದರೆ ಹೊರಟದ್ದು ಹಳೆಯ ರೂಢಿ: "ಭಾಳ ಖುಷಿಲೇ ಅದೀನ್ರಿ ಸಾಹೇಬ್ರ. ಏನೂ ಕಮ್ಮಿ ಇಲ್ರಿ."

"ಈಗಿರುವ ಜಾಗದಲ್ಲೇ ಸುಖವೇ?"

"ಹೌದ್ರಿ."

ಸಾಹೇಬರು ಸಂತೋಷದಿಂದ ಬರೆದುಕೊಂಡರು. ವಾರದಲ್ಲಿ ಹುಕುಂ ಬಂತು. ದೂರಿದವನು ಕಾಯಂ ಆದ. ನನ್ನ ಹೆಸರಿನ ಮುಂದೆ, ಇದ್ದಲ್ಲಿಯೇ ಸಂತುಷ್ಟನಾಗಿರುವುದರಿಂದ ಬದಲಾವಣೆ ಅನಗತ್ಯ ಎಂದಿತ್ತು. ಬಾಯಿದ್ದವನು ಬರಗಾಲದಲ್ಲೂ ಬದುಕುತ್ತಾನಂತೆ. ನಾನು ಸುಗ್ಗಿಯಲ್ಲೇ ಉಪವಾಸ ಬಿದ್ದೆ. ಹೆಡ್ ಗುಮಾಸ್ತರ ಮೇಲೆ ಬಂದ ಸಿಟ್ಟಿಗಿಂತ ನನ್ನ ಮೇಲೇ ಹೆಚ್ಚು ಸಿಟ್ಟು ಬಂತು.

ಭಾಲ್ಕಿಗೆ ಹೋಗಿ ಆ ಹಿರಿಯರಿಗೆ ನಡೆದದ್ದನ್ನೆಲ್ಲ ಹೇಳಿದೆ. ಇನ್ನೊಂದು ವರ್ಷ ಕಾಯಿರಿ ಎಂದು ಬೇಡಿಕೊಂಡೆ. ಅವರು ಚಹಾ ಕುಡಿಸಿ, ಬಾಗಿಲವರೆಗೆ ಬಂದು, ಮೆತ್ತಗೆ ಹೇಳಿದರು:

"ನೀವು ಹ್ಯಾಂಗ ಇಟ್ರೂ ಖುಷಿಲೇ ಇರೋ ಮಂದಿರಿ. ನನ್ನ ಮಗಳು ಹಂಗಲ್ರಿ."