ನೆಲದ ಮೇಲೆ ಮನೆ ಬರೆದ ಅಕ್ಕಾರು

ಅಕ್ಕಾರ ಸೀರೆಯ ನೆರಿಗೆಯ ಮೇಲೆ ಬಲಗೈ ಬೆರಳುಗಳ ಬಿಳಿ ಗುರುತು ಯಾವಾಗಲೂ ಇರುತ್ತಿತ್ತು. ತಗಡಿನ ಮೇಲೆ ಗೆರೆ ಎಳೆಯಲು ನಾವು ಬಳಸುವ ಬಳಪ ಅವರ ಕೈಯಲ್ಲೇ ಇರುತ್ತಿತ್ತು. ಬರೆದಾದ ಮೇಲೆ ಕೈಯನ್ನು ಸೀರೆಗೇ ಒರೆಸಿಕೊಳ್ಳುವರು. ಕಾಲಲ್ಲಿ ಕರಿ ಬೂಟು. ಮೊದಲ ದಿನ ಚಪ್ಪಲಿಯಲ್ಲಿ ಶೆಡ್ಡಿಗೆ ಬಂದಿದ್ದರು. "ಕಿಡಿ ಹಾರ್ತಾವ್ರಿ ಅಕ್ಕಾರೆ, ಚಪ್ಪಲಿ ಬ್ಯಾಡ" ಅಂದೆ. ಮರುದಿನವೇ ಬೂಟು ಬಂತು. ಅಂಚಿನ ಸೀರೆಯ ಕೆಳಗೆ ಬೂಟು ನೋಡಿ ವೆಲ್ಡಿಂಗ್‌ನವರು ಮುಖ ತಿರುಗಿಸಿ ನಕ್ಕರು. "ನಗ್ರಿ, ನಗ್ರಿ. ಪೊಲೀಸ್ ಕೆಲ್ಸ ಸಿಕ್ಕೈತೆ ನನಗೆ" ಎಂದು ಅವರೂ ನಕ್ಕರು.

ಅವರು ನಮ್ಮ ಸಾಹುಕಾರರ ಸೊಸೆ. ಬಾತಿ ಹಳ್ಳಿ ದಾಟಿ ಹರಿಹರದ ಕಡೆ ಹೋಗುವ ರಸ್ತೆಯಲ್ಲಿ ನಮ್ಮ ಕಾರ್ಖಾನೆ; ಮೆಕ್ಕೆಜೋಳ ಒಕ್ಕುವ ಮಿಷನ್ ಮಾಡುತ್ತೇವೆ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ಗ್ರೈಂಡಿಂಗ್ ಹಿಡಿಯುತ್ತಾ ಮೇಲೆ ಬಂದು ಮೇಸ್ತ್ರಿಯಾದವನು. ನನ್ನ ಕೈಕೆಲಸದ ಬಗ್ಗೆ ನನಗೆ ಗರ್ವ ಇತ್ತು, ಈಗಲೂ ಇದೆ. ಯಾರೇ ಕೇಳಲಿ, "ಆಗಲ್ಲ" ಎನ್ನುವುದು ನನ್ನ ಬಾಯಲ್ಲಿ ಬರುತ್ತಿರಲಿಲ್ಲ.

ಅಕ್ಕಾರು ಬರುವ ಮೊದಲು ಮಾರುವವರದ್ದೇ ಒಂದು ದಾರಿ, ಮಾಡುವವರದ್ದೇ ಒಂದು ದಾರಿ. ಸೇಲ್ಸ್‌ನವರು ಊರೂರು ತಿರುಗಿ ಟ್ರ್ಯಾಕ್ಟರಿಗೆ ಹೂಡುವ ದೊಡ್ಡ ಮಿಷನ್‌ಗೆ ಮಾತು ಕೊಟ್ಟು ಬರುವರು. ಶೆಡ್ಡಿನಲ್ಲಿ ನಾನು ಬೇರಿಂಗ್ ಸಿಕ್ಕಿದ್ದಕ್ಕೆ ತಕ್ಕಂತೆ ಸಣ್ಣವು ಮಾಡಿ ನಿಲ್ಲಿಸಿರುವೆ. ಒಂದು ವರ್ಷ ರೈತರು ಬೇರೆ ಕಡೆಯ ಮಿಷನ್ ಬಾಡಿಗೆಗೆ ತಂದು ಜೋಳ ಒಕ್ಕಿಕೊಂಡರು. ನಮ್ಮವು ಆಮೇಲೆ ತಯಾರಾಗಿ ಬಿಸಿಲಲ್ಲಿ ನಿಂತವು. ಸಾಹುಕಾರರು ಎಲ್ಲರ ಎದುರಿಗೆ, "ಮುಂದಿನ ಸಲ ಹಿಂಗಾದ್ರೆ ರಾಜಕೋಟದಿಂದ ಬ್ಯಾರೆ ಮೇಸ್ತ್ರಿ ತರಿಸ್ತೀನಿ" ಎಂದರು. ಆಗ ನನ್ನ ಮಗಳು ಪಿಯುಸಿ ಓದುತ್ತಿದ್ದಳು. ನನ್ನ ವಯಸ್ಸಿನಲ್ಲಿ ಇನ್ನೊಬ್ಬರ ಶೆಡ್ಡಿಗೆ ಹೋಗಿ ಕೆಲಸ ಕೇಳುವುದು ಹೇಗೆ?

ಸೇಲ್ಸ್ ನೋಡಿಕೊಳ್ಳಲೆಂದು ಅಕ್ಕಾರು ಬಂದದ್ದು ಆ ವರ್ಷ. ಬಂದವರು ಆಫೀಸಿನಲ್ಲಿ ಕೂರಲಿಲ್ಲ, ನೇರ ನನ್ನ ಹತ್ತಿರ ಬಂದರು. "ಒಂದು ವಾರಕ್ಕೆ ಎಷ್ಟು ಆಗ್ತಾವೆ ಮೇಸ್ತ್ರಿ?" ನಾನು ಎದೆಯುಬ್ಬಿಸಿ ಒಂದು ಲೆಕ್ಕ ಹೇಳಿದೆ. ಅವರು ಕೆಲವು ದಿನ ಸುಮ್ಮನೆ ನಿಂತು ನೋಡಿದರು. ಕರೆಂಟ್ ಹೋಗುವುದು, ಬೇರಿಂಗ್ ತಡವಾಗುವುದು, ವೆಲ್ಡರ್ ಊರಿಗೆ ಹೋದವನು ಬಾರದಿರುವುದು, ಎಲ್ಲ ನೋಡಿದರು. ಆಮೇಲೆ ತಯಾರಾದ ಮಿಷನ್ ನಿಲ್ಲಿಸುವ ಸಿಮೆಂಟ್ ನೆಲ ಗುಡಿಸಿಸಿ, ಬಳಪದಿಂದ ಚೌಕಾಬಾರದ ಹಾಗೆ ಮನೆ ಬರೆದರು. ವಾರಕ್ಕೆ ಒಂದು ಸಾಲು. ದೊಡ್ಡ ಮಿಷನ್‌ಗೆ ದೊಡ್ಡ ಮನೆ, ಸಣ್ಣದಕ್ಕೆ ಸಣ್ಣದು.

"ನೀವು ಹೇಳಿದ್ದಕ್ಕಿಂತ ಕಡಿಮಿ ಬರ್ದೀನಿ. ಸಿಟ್ಟು ಬಂತಾ?"

"ಬಂತ್ರಿ."

"ಬರ್ಲಿ. ಕರೆಂಟ್ ನಿಮ್ಮ ಕೈಯಾಗೂ ಇಲ್ಲ, ನನ್ನ ಕೈಯಾಗೂ ಇಲ್ಲ."

ಸೇಲ್ಸ್‌ನವರಿಗೆ ಹೊಸ ಕಾನೂನು ಬಂತು. ಆರ್ಡರ್ ತಂದವನು ಶೆಡ್ಡಿಗೆ ಬಂದು, ಬಗ್ಗಿ, ಖಾಲಿ ಮನೆಯಲ್ಲಿ ಗಿರಾಕಿಯ ಊರನ್ನು ತಾನೇ ಬರೆಯಬೇಕು. ಮನೆ ಖಾಲಿ ಇಲ್ಲದಿದ್ದರೆ ಆ ವಾರದ ಮಾತು ಕೊಡುವಂತಿಲ್ಲ. "ಪ್ಯಾಂಟ್ ಮಂಡಿ ಹೊಲಸಾಗ್ತೈತ್ರಿ ಮೇಡಂ" ಎಂದ ಒಬ್ಬ. "ನನ್ನ ಸೀರಿ ನೋಡಪ್ಪಾ" ಎಂದರು. ಬಗ್ಗಿ ಬರೆಯುವವರು ಬರೆಯುತ್ತಲೇ, "ಮೇಸ್ತ್ರಿ, ಸಣ್ಣವು ಖಾಲಿ ಅದಾವಲ್ಲ, ಅವನ್ನ ಮಾರ್ಲಾ?" ಎಂದು ಕೇಳತೊಡಗಿದರು. ಅಲ್ಲಿಯವರೆಗೆ ಅವರು ನನ್ನನ್ನು ಏನನ್ನೂ ಕೇಳಿದವರಲ್ಲ. ದಸರಾ ಹೊತ್ತಿಗೆ ದೀಪಾವಳಿಯವರೆಗಿನ ಸಾಲುಗಳೆಲ್ಲ ತುಂಬಿದವು.

ಆಗ ಸಾಹುಕಾರರ ಮಗಳ ಕಡೆಯ ಬೀಗರು ರಾಣೆಬೆನ್ನೂರಿನಿಂದ ಬಂದರು. ಅವರದು ಮಿಷನ್ ಕೊಂಡು ಮಾರುವ ವ್ಯಾಪಾರ. ದೀಪಾವಳಿಯೊಳಗೆ ಹತ್ತು ದೊಡ್ಡವು ಬೇಕೆಂದರು. ಸಾಹುಕಾರರು ಅವರನ್ನು ಕರೆದುಕೊಂಡೇ ಶೆಡ್ಡಿಗೆ ಬಂದರು.

"ಮಾವಾರೆ, ಖಾಲಿ ಮನಿ ಯಾವುದೈತೆ ತೋರಿಸ್ರಿ. ನಾನೇ ಬರೀತೀನಿ" ಎಂದರು ಅಕ್ಕಾರು.

ಸಾಹುಕಾರರು ಸಾಲುಗಳ ಉದ್ದಕ್ಕೂ ನಡೆದು ನೋಡಿದರು. "ಈ ಚನ್ನಗಿರಿಯವು ಅಳ್ಸು."

"ಅಳಿಸ್ತೀನ್ರಿ. ಅವ್ರಿಗೆ ಫೋನ್ ಮಾತ್ರ ನೀವೇ ಮಾಡ್ರಿ, ಇಲ್ಲೇ ನಿಂತು."

ಸಾಹುಕಾರರು ಫೋನ್ ತೆಗೆಯಲಿಲ್ಲ. ನನ್ನ ಕಡೆ ತಿರುಗಿದರು. "ಹಗಲು ರಾತ್ರಿ ಮಾಡಿದ್ರೆ ಆಗ್ತಾವಲ್ಲಪ್ಪಾ ಮೇಸ್ತ್ರಿ? ನೋಡ್ರಿ ಬೀಗರೆ, ಇವನು ಹೂಂ ಅಂದ್ರೆ ಮುಗೀತು."

ಹೂಂ ಅಂದರೆ ಅವತ್ತಿನ ಮರ್ಯಾದೆ ಉಳಿಯುತ್ತಿತ್ತು, ದೀಪಾವಳಿಗೆ ಕೆಲಸ ಹೋಗುತ್ತಿತ್ತು. ಆಗಲ್ಲ ಅಂದರೆ ಬೀಗರ ಎದುರಿಗೇ ಕೈಲಾಗದವನಾಗುತ್ತಿದ್ದೆ. ಅಕ್ಕಾರು ನನಗೆ ಕಣ್ಸನ್ನೆ ಮಾಡಲಿಲ್ಲ, ನನ್ನ ಪರವಾಗಿ ಮಾತೂ ಆಡಲಿಲ್ಲ. ನನ್ನ ಉತ್ತರಕ್ಕೆ ಎಲ್ಲರ ಹಾಗೆ ಅವರೂ ಕಾಯುತ್ತಾ ನಿಂತರು.

"ಆಗಲ್ಲರೀ ಸಾಹುಕಾರ್ರೆ" ಅಂದೆ. "ದೀಪಾವಳಿ ಆದ ಮ್ಯಾಲೆ ಮೂರು ಕೊಡ್ತೀನಿ. ಅದಕ್ಕಿಂತ ಹೆಚ್ಚು ಹೇಳಿದ್ರೆ ಸುಳ್ಳಾಗ್ತೈತೆ."

ಬೀಗರು ಚಹಾ ಕುಡಿಯದೆ ಹೋದರು. ಬೇರೆ ಕಡೆ ಕೊಂಡರು. ಬಹಳ ದಿನ ಸಾಹುಕಾರರ ಮನೆಯ ಕಾರ್ಯಗಳಿಗೂ ಬರಲಿಲ್ಲ. ಮನೆಯಲ್ಲಿ ಅಕ್ಕಾರು ಎಷ್ಟು ಮಾತು ಕೇಳಿದರೋ, ನಮ್ಮ ಮುಂದೆ ಹೇಳಿದವರಲ್ಲ. ಆದರೆ ಆ ಸುಗ್ಗಿಯಲ್ಲಿ ಬರೆದ ಮಿಷನ್‌ಗಳೆಲ್ಲ ಹೇಳಿದ ವಾರಕ್ಕೇ ಹೊರಟವು. ಕೊನೆಯದನ್ನು ಲಾರಿಗೆ ಏರಿಸಿದ ಮೇಲೆ ಅಕ್ಕಾರು ಎಲ್ಲರಿಗೂ ಮಂಡಕ್ಕಿ, ಮೆಣಸಿನಕಾಯಿ ತರಿಸಿದರು. ರಾಜಕೋಟದ ಹೆಸರನ್ನು ಮತ್ತೆ ಯಾರೂ ಎತ್ತಲಿಲ್ಲ.

ಮಗಳ ಓದು ಮುಗಿದದ್ದು ಆ ಕೆಲಸದ ಮೇಲೆ. ನಾನು ತಲೆ ಎತ್ತಿಕೊಂಡೇ ಆ ಗೇಟು ದಾಟುವುದು ಅಕ್ಕಾರಿಂದ. ಇದನ್ನು ಅವರಿಗೆ ಹೇಳಬೇಕೆಂದುಕೊಂಡದ್ದು ಹಾಗೇ ಉಳಿಯಿತು. ಹೋದ ವರ್ಷ ಮಳೆಗಾಲದಲ್ಲಿ, ಕಾಯಿಲೆ ಏನೆಂದು ನಮಗೆ ತಿಳಿಯುವಷ್ಟರಲ್ಲಿ, ತೀರಿಕೊಂಡರು. ದೇವರಾಜ ಅರಸು ಬಡಾವಣೆಯ ಅವರ ಮನೆ ಮುಂದೆ ಶೆಡ್ಡಿನವರೆಲ್ಲ ನಿಂತಿದ್ದೆವು.

ಕಾರ್ಯ ಮುಗಿದ ಮೇಲೆ ಒಂದು ಬೆಳಿಗ್ಗೆ ಸಾಹುಕಾರರು ಒಬ್ಬರೇ ಶೆಡ್ಡಿಗೆ ಬಂದರು. ವಯಸ್ಸಾಗಿದೆ, ಕೋಲು ಹಿಡಿದಿದ್ದರು. ನೆಲದ ಮನೆಗಳ ಉದ್ದಕ್ಕೂ ಒಮ್ಮೆ ನಡೆದರು. ಆಮೇಲೆ ಕೇಳಿದರು: "ಈ ಸಲ ಎಷ್ಟು ಆಗ್ತಾವೆ ಮೇಸ್ತ್ರಿ? ನೀ ಹೇಳಿದಷ್ಟೇ ಆರ್ಡರ್ ಒಪ್ಕೊಳ್ಳಾದು."

"ಸ್ವಲ್ಪ ಕೂಡ್ರಿ" ಎಂದು ಹೇಳಿ, ಸ್ಟೋರಿನಲ್ಲಿ ಬೇರಿಂಗ್ ಎಷ್ಟಿವೆ ನೋಡಲು ಒಳಗೆ ಹೋದೆ. ಅವರು ಕಾಯುತ್ತಾ ಕೂತರು.