ಐದೇ ನಿಮಿಷ ಓಡುತ್ತಿದ್ದ ಲಾಂಚಿ

ಇದು 2022ರ ನವೆಂಬರಿನ ಮಾತು. ನೌಕಾಪಡೆಯ ಎಂಜಿನ್ ರೂಮಿನಲ್ಲಿ ಸರ್ವೀಸು ಮುಗಿಸಿ ಬಂದು, ಹಿಂದೂಪುರದಲ್ಲಿ ಜನರೇಟರ್ ಮತ್ತು ಡೀಸೆಲ್ ಎಂಜಿನ್ ರಿಪೇರಿಯ ವರ್ಕ್‌ಶಾಪ್ ನಡೆಸುತ್ತಿದ್ದೆ. ನಮ್ಮದು ಮಗ್ಗದ ಮನೆ. ಸೀರೆ ನೇಯುವುದು ಬಿಟ್ಟು ಹಡಗು ಹತ್ತಿದನೆಂದು ಒಂದು ಕಾಲಕ್ಕೆ ಬೈದಿದ್ದ ಬಂಧುಗಳೇ ಈಗ "ನೀರಿಲ್ಲದ ಊರಿಗೆ ಹಡಗಿನ ಮೇಸ್ತ್ರಿ ಬಂದ್ಬುಟ್ಟ" ಎಂದು ರೇಗಿಸುತ್ತಿದ್ದರು. ಅವರದೂ ತಪ್ಪಲ್ಲ. ಅಷ್ಟು ವರ್ಷಗಳಲ್ಲಿ ನನ್ನ ವರ್ಕ್‌ಶಾಪಿಗೆ ದೋಣಿಯ ವಿಷಯ ಹಿಡಿದು ಬಂದವರು ಒಬ್ಬರೂ ಇರಲಿಲ್ಲ.

ಆ ವರ್ಷ ನಮ್ಮ ಕಡೆ ಯಾರೂ ನಂಬದಷ್ಟು ಮಳೆಯಾಗಿ ಕೆರೆಗಳೆಲ್ಲ ಕೋಡಿ ಬಿದ್ದಿದ್ದವು. ಒಂದು ಬೆಳಿಗ್ಗೆ ಕಲ್ಯಾಣದುರ್ಗದಿಂದ ಫೋನು ಬಂತು. ಆ ಕಡೆ ವಯಸ್ಸಾದ ಹೆಂಗಸಿನ ಗಟ್ಟಿ ದನಿ.

"ನೀನು ನೇವಿನಾಗಿದ್ದೋನಂತೆ. ನಮ್ಮ ಲಾಂಚಿ ಓಡ್ತಿಲ್ಲ ಕಣಪ್ಪ. ಭಾನುವಾರದೊಳಗೆ ಓಡ್ಲಿಲ್ಲ ಅಂದ್ರೆ ಅದರ ಮೇಲೆ ದೋಸೆ ಹುಯ್ತಾರೆ."

ಯಾರೋ ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡೆ. ತಮಾಷೆಯಲ್ಲ. ಫೋನು ಮಾಡಿದವರು ಸರೋಜಮ್ಮ, ಹೈಸ್ಕೂಲಿನಲ್ಲಿ ಲೆಕ್ಕ ಕಲಿಸಿ ನಿವೃತ್ತರಾದವರು. ಎಪ್ಪತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಅವರ ತಂದೆ ಕಡಲೆಕಾಯಿ ಎಣ್ಣೆ ಮಿಲ್ಲಿನ ಧಣಿ. ಹಿಂದೆಂದೋ ಮದ್ರಾಸಿನಲ್ಲಿ ಯಾರೋ ದೊರೆಯ ಸಾಮಾನು ಹರಾಜಾದಾಗ ಒಂದು ಸ್ಪೀಡ್ ಬೋಟ್ ಕೊಂಡು ಲಾರಿಯ ಮೇಲೆ ಹೇರಿಕೊಂಡು ಬಂದಿದ್ದರಂತೆ. ಬ್ರಹ್ಮಸಮುದ್ರದ ದಾರಿಯಲ್ಲಿರುವ ಕೆರೆ ತುಂಬಿದ ವರ್ಷಗಳಲ್ಲಿ ಮಾತ್ರ ಅದು ನೀರಿಗಿಳಿಯುತ್ತಿತ್ತು. ತುಂಬುವುದೇ ಅಪರೂಪ, ಉಳಿದ ಕಾಲವೆಲ್ಲ ಮಿಲ್ಲಿನ ಶೆಡ್ಡಿನಲ್ಲಿ ಟ್ರೈಲರ್ ಮೇಲೆ ಕುಳಿತಿರುತ್ತಿತ್ತು. ಈಗ ಮಿಲ್ಲು ನೋಡಿಕೊಳ್ಳುತ್ತಿದ್ದ ಅವರ ತಮ್ಮ ಬಸವರಾಜುವಿಗೆ ಹೊಸ ಮಿಷನ್ ಇಡಲು ಆ ಶೆಡ್ಡು ಬೇಕಾಗಿತ್ತು. ಪೆನುಕೊಂಡದ ಹತ್ತಿರ ಹೈವೇ ಪಕ್ಕ ಹೋಟೆಲು ಇಟ್ಟವನೊಬ್ಬ ದೋಣಿಯನ್ನು ಅಂಗಳದಲ್ಲಿ ನಿಲ್ಲಿಸಿ, ಮಧ್ಯ ಕೊರೆದು, ದೋಸೆಯ ಕೌಂಟರ್ ಮಾಡುತ್ತೇನೆಂದು ಮುಂದೆ ಬಂದಿದ್ದ. ಅಕ್ಕ ಒಪ್ಪಲಿಲ್ಲ. ಕೊನೆಗೆ ಬಸವರಾಜು ಒಂದು ಮಾತು ಕೊಟ್ಟ. ಹೇಗೂ ಕೆರೆ ತುಂಬಿದೆ, ಭಾನುವಾರದೊಳಗೆ ಓಡಿದರೆ ದೋಣಿ ಮನೆಯಲ್ಲೇ ಇರುತ್ತದೆ. ಓಡದಿದ್ದರೆ ಹೋಟೆಲಿಗೆ.

ಮಾರನೆಯ ದಿನ ಬಸ್ಸು ಬದಲಿಸಿಕೊಂಡು ಕಲ್ಯಾಣದುರ್ಗಕ್ಕೆ ಹೋದೆ. ಇಂಥ ದೋಣಿ ಅಲ್ಲಿರುತ್ತದೆಂದು ನಾನು ಎಣಿಸಿರಲಿಲ್ಲ. ತೆಳ್ಳನೆ ಉದ್ದನೆಯ ಮೈ, ಜೇನಿನ ಬಣ್ಣದ ಮರ, ಹಿತ್ತಾಳೆಯ ಕೊಕ್ಕೆಗಳು, ಮಧ್ಯದಲ್ಲಿ ಆರು ಸಿಲಿಂಡರಿನ ಪೆಟ್ರೋಲ್ ಎಂಜಿನ್. ಇಂಥ ದೋಣಿ ಪೂರ್ತಿ ವೇಗದಲ್ಲಿ ಮೂತಿ ಎತ್ತಿ ನೀರಿನ ಮೇಲೆ ಜಾರಿಕೊಂಡೇ ಹೋಗುತ್ತದೆ. ಎಂಜಿನ್ ಮೇಲೆ ಅರಿಶಿನ ಕುಂಕುಮದ ಬೊಟ್ಟುಗಳಿದ್ದವು. ನಮ್ಮ ಕಡೆ ಹಾಲು ಕರೆಯುವ ಯಂತ್ರದಿಂದ ಹಿಡಿದು ಜೆಸಿಬಿಯವರೆಗೆ ಬೊಟ್ಟಿಲ್ಲದ ಯಂತ್ರ ಎಲ್ಲಿದೆ? ನಾನು ಗಮನ ಕೊಡಲಿಲ್ಲ.

ದೋಣಿಯನ್ನು ಆಗಲೇ ಕೆರೆಗಿಳಿಸಿ ಅಂಚಿನಲ್ಲಿ ನೆನೆಹಾಕಿದ್ದರು. ಒಣಗಿದ ಹಲಗೆ ನೀರು ಕುಡಿದು ಉಬ್ಬಿದರೆ ಸಂದುಗಳು ತಾವೇ ಮುಚ್ಚಿಕೊಳ್ಳುತ್ತವೆ. ಎಂಜಿನ್ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ನಿಧಾನವಾಗಿ ಓಡಿಸಿದರೆ ಬೆಣ್ಣೆಯ ಹಾಗೆ ಓಡಿತು. ವೇಗ ಕೊಟ್ಟು ಐದು ನಿಮಿಷವಾಗುವಷ್ಟರಲ್ಲಿ ಟೆಂಪರೇಚರ್ ಗೇಜಿನ ಮುಳ್ಳು ಕೆಂಪಿಗೆ ಹೋಯಿತು, ಸುಟ್ಟ ಪೇಂಟಿನ ವಾಸನೆ ಬಂತು. ಆಫ್ ಮಾಡಿದೆ. ಮೀನು ಹಿಡಿಯುವವರ ತೆಪ್ಪಕ್ಕೆ ಹಗ್ಗ ಕಟ್ಟಿಸಿ ದಡಕ್ಕೆ ಎಳೆಸಿಕೊಂಡು ಬಂದೆವು.

ಕಾರಿನ ಎಂಜಿನ್ ತಣ್ಣಗಿರಲು ರೇಡಿಯೇಟರ್ ಇರುತ್ತದೆ. ಹಳೆಯ ಕಾಲದ ಇಂಥ ದೋಣಿಗೆ ಕೆರೆಯೇ ರೇಡಿಯೇಟರ್. ಎಂಜಿನ್ನಿಗೆ ಕೂಡಿಸಿದ ಒಂದು ಪಂಪು ತಳದ ತೂತಿನಿಂದ ನೀರು ಹೀರಿ, ಎಂಜಿನ್ನಿನ ಒಳದಾರಿಗಳಲ್ಲಿ ಹರಿಸಿ, ಹೊಗೆಯ ಕೊಳವೆಯಿಂದ ಹೊರಗೆ ಉಗುಳುತ್ತದೆ. ಪಂಪಿನೊಳಗೆ ರಬ್ಬರಿನ ಚಿಕ್ಕ ಚಕ್ರ, ಅದಕ್ಕೆ ಸುತ್ತಲೂ ರೆಕ್ಕೆಗಳು. ಇದನ್ನು ಇಂಪೆಲ್ಲರ್ ಎನ್ನುತ್ತೇವೆ. ದೋಣಿಯ ಎಂಜಿನ್ ಕಾಯ್ದರೆ ಮೊದಲು ನೋಡಬೇಕಾದದ್ದು ಅದನ್ನೇ. ಬಿಚ್ಚಿ ನೋಡಿದೆ. ಅಂಗಡಿಯಿಂದ ಈಗಷ್ಟೇ ತಂದಹಾಗೆ ಹೊಸದಾಗಿತ್ತು, ಒಂದು ರೆಕ್ಕೆಗೂ ಗಾಯವಿಲ್ಲ. ಹಾಗಾದರೆ ಪಂಪು ಸರಿಯಿದೆ ಎಂದು ಮುಚ್ಚಿದೆ.

ಬಸವರಾಜುವನ್ನು ಕೇಳಿದೆ. "ಇದಕ್ಕೆ ಏನಾದ್ರೂ ತೊಂದರೆ ಆಗಿತ್ತಾ? ಯಾರಾದ್ರೂ ಕೈ ಹಾಕಿ ಕೆಡಿಸಿದ್ರಾ?"

"ಅಯ್ಯೋ, ನಮ್ಮಪ್ಪ ತೀರಿಕೊಂಡ ಮೇಲೆ ಮುಟ್ಟೇ ಇಲ್ಲ ಸಾರ್" ಎಂದ. ಸರೋಜಮ್ಮನವರನ್ನು ಕೇಳಿದರೆ ಅವರಿಗೆ ಸಿಟ್ಟೇ ಬಂತು. "ಕೆಡಿಸೋದಾ? ಮಗಿನಂಗೆ ನೋಡ್ಕೊಂಡಿದೀನಿ" ಎಂದರು. ಮಿಲ್ಲಿನ ಮೆಕ್ಯಾನಿಕ್ ಓಬಳೇಶ, ನನ್ನ ಪ್ರಶ್ನೆ ಮುಗಿಯುವ ಮೊದಲೇ ದೇವರಾಣೆ ಇಟ್ಟ.

ಅಲ್ಲಿಂದ ಶುರುವಾಯಿತು ನನ್ನ ಗ್ರಹಚಾರ. ನಮ್ಮ ಸೀಮೆಯ ನೀರು ಗಡಸು, ಕುದಿಸಿದ ಪಾತ್ರೆಯಲ್ಲೆಲ್ಲ ಬಿಳಿ ಪದರ ಕಟ್ಟುತ್ತದೆ. ಎಂಜಿನ್ನಿನ ಒಳದಾರಿಯಲ್ಲೂ ಅದೇ ಕಟ್ಟಿರಬೇಕೆಂದು ತೀರ್ಮಾನಿಸಿ, ತೆಳುವಾಗಿ ಬೆರೆಸಿದ ಆಸಿಡ್ ತುಂಬಿ ತೊಳೆದೆ. ಬಿಳಿ ರಾಡಿ ಬಂತು. ಖುಷಿಯಾಗಿ ನೀರಿಗಿಳಿಸಿದೆ. ಐದು ನಿಮಿಷಕ್ಕೆ ಮುಳ್ಳು ಮತ್ತೆ ಕೆಂಪು. ತಳದ ತೂತಿಗೆ ಪಾಚಿ ಸಿಕ್ಕಿರಬಹುದೆಂದು ಎದೆಮಟ್ಟ ನೀರಿನಲ್ಲಿ ನಿಂತು ಕೈಯಾಡಿಸಿದೆ, ತೂತು ಶುಭ್ರವಾಗಿತ್ತು. ಕಿಡಿ ಹಾರುವ ಹೊತ್ತು, ಅಂದರೆ ಇಗ್ನಿಷನ್ ಟೈಮಿಂಗ್, ತಪ್ಪಿದ್ದರೂ ಎಂಜಿನ್ ಕಾಯುತ್ತದೆ, ಅದನ್ನೂ ಸರಿಪಡಿಸಿದೆ. ಕಾರ್ಬುರೇಟರ್ ತೊಳೆದೆ. ಗೇಜೇ ಸುಳ್ಳು ಹೇಳುತ್ತಿರಬಹುದೆಂದು ಹಿಂದೂಪುರದಿಂದ ಬೇರೆ ಗೇಜು ತರಿಸಿ ಹಾಕಿದೆ. ಎರಡನೆಯದೂ ಅಷ್ಟೇ ನಿಷ್ಠೆಯಿಂದ ಕೆಂಪು ತೋರಿಸಿತು.

ಪ್ರತಿ ಸಲವೂ ಅದೇ ಐದು ನಿಮಿಷ, ಅದೇ ತೆಪ್ಪ, ಅದೇ ಹಗ್ಗ. ಕೆರೆ ಏರಿಯ ಮೇಲೆ ದಿನಾ ಜನ ಕೂಡುತ್ತಿದ್ದರು. ಕುಂದುರ್ಪಿಯಿಂದ ಬಸ್ಸಿನಲ್ಲಿ ಬಂದವರೂ ಇಳಿದು ನಿಂತು, ಕಡಲೆಕಾಯಿ ಸುಲಿಯುತ್ತ ನನ್ನನ್ನೇ ನೋಡುತ್ತಿದ್ದರು. "ಬೋರ್‌ವೆಲ್ ಮೋಟರ್ ಇಳಿಸಿ ಸಾರ್, ಅದಾದ್ರೆ ಗ್ಯಾರಂಟಿ" ಎಂದು ಒಬ್ಬ ಸಲಹೆ ಕೊಟ್ಟ. ಸಮುದ್ರದ ನಡುವೆ, ಬಿರುಗಾಳಿಯಲ್ಲಿ, ಇದಕ್ಕಿಂತ ಇಪ್ಪತ್ತು ಪಟ್ಟು ದೊಡ್ಡ ಎಂಜಿನ್ನುಗಳನ್ನು ಎಬ್ಬಿಸಿ ಓಡಿಸಿದವನು ನಾನು. ಇಲ್ಲಿ ಸೊಂಟದುದ್ದ ಎಂಜಿನ್ನೊಂದು ಊರ ಮುಂದೆ ನನ್ನ ಮರ್ಯಾದೆ ಕಳೆಯುತ್ತಿತ್ತು. ಶುಕ್ರವಾರ ಸ್ಪ್ಯಾನರ್ ಎತ್ತಿ ಕೆರೆಗೆ ಎಸೆದೆ. ಆಮೇಲೆ ಅದೇ ಸೈಜಿನ ಸ್ಪ್ಯಾನರ್ ಬೇಕಾಗಿ ಓಬಳೇಶನ ಹತ್ತಿರ ಕೇಳಿ ಇಸಿದುಕೊಂಡೆ.

ಶನಿವಾರ ಬೆಳಿಗ್ಗೆ ಸರೋಜಮ್ಮ ಏರಿಯ ಬೇವಿನ ಮರದಡಿ ನನಗೆ ಉಪ್ಪಿಟ್ಟು ತಂದುಕೊಟ್ಟು ಪಕ್ಕದಲ್ಲಿ ಕುಳಿತರು. ನಾನು ಸೋತೆನೆಂದು ಹೇಳುವುದಕ್ಕೆ ಮಾತು ಹುಡುಕುತ್ತಿದ್ದೆ. ಅವರು ಕೆರೆ ನೋಡುತ್ತ ತಮ್ಮ ಪಾಡಿಗೆ ಮಾತಾಡಿದರು. ಹದಿನೈದನೆಯ ವಯಸ್ಸಿಗೆ ಅಪ್ಪ ಈ ಸ್ಟೀರಿಂಗ್ ಕೈಗೆ ಕೊಟ್ಟರಂತೆ. ಲಾಂಚಿ ಓಡಿಸುವ ಹುಡುಗಿಯನ್ನು ಯಾರು ಮಾಡಿಕೊಳ್ಳುತ್ತಾರೆ ಎಂದು ಅಜ್ಜಿ ಕೂಗಾಡಿದ್ದರಂತೆ. "ಅಜ್ಜಿ ಮಾತು ನಿಜಾನೇ ಆಯ್ತು. ಆದ್ರೂ ಬೇಜಾರಿಲ್ಲ ಕಣಪ್ಪ. ಇದನ್ನ ಮಾತ್ರ ಕೈ ಬಿಟ್ಟಿಲ್ಲ ನಾನು. ಒಂದು ವರ್ಷಾನೂ ತಪ್ಪಿಸ್ದಂಗೆ ಆಯುಧ ಪೂಜೆ ದಿನ ನಾನೇ ಕೈಯಾರ ಸ್ಟಾರ್ಟ್ ಮಾಡ್ತೀನಿ. ಮಂಗಳಾರತಿ ಆಗೋಗಂಟ ಗುರ್ ಅಂತಿರ್ತದೆ, ಕೇಳಾಕೆ ಆನಂದ."

ತಿನ್ನುವುದು ನಿಲ್ಲಿಸಿ ಅವರ ಕಡೆ ತಿರುಗಿದೆ. "ಎಲ್ಲಿ ಸ್ಟಾರ್ಟ್ ಮಾಡ್ತೀರಿ?"

"ಶೆಡ್ನಾಗೆ."

"ನೀರು?"

"ಶೆಡ್ನಾಗೆ ನೀರೆಲ್ಲಿಂದ ಬಂದಾತು?" ಎಂದರು ಸರೋಜಮ್ಮ, ಇದೂ ಒಂದು ಪ್ರಶ್ನೆಯೇ ಎನ್ನುವ ಹಾಗೆ. "ಪೂಜೆ ಆದ ಮ್ಯಾಗೆ ಆ ರಬ್ಬರ್ ಚಕ್ರ ಕಿತ್ತೋಗಿರ್ತದೆ. ಓಬಳೇಶ ಹೊಸದು ಹಾಕ್ತಾನೆ. ಲೋಪ ಮಾಡಿಲ್ಲ."

ರಬ್ಬರಿನ ಇಂಪೆಲ್ಲರಿಗೆ ನೀರೇ ಎಣ್ಣೆ. ಒಣಗಿದ ಪಂಪಿನಲ್ಲಿ ಅದು ನಿಮಿಷದೊಳಗೆ ಸುಟ್ಟು ರೆಕ್ಕೆ ಕಳಚಿಕೊಳ್ಳುತ್ತದೆ. ಕಳಚಿದ ರೆಕ್ಕೆ ಮಾಯವಾಗುವುದಿಲ್ಲ. ದೋಣಿ ನೀರಿಗಿಳಿದಾಗ ಹೊಸ ಚಕ್ರ ತಳ್ಳುವ ನೀರು ಹಳೆಯ ಚೂರುಗಳನ್ನೂ ಒಳಕ್ಕೆ ಒಯ್ದು ಇಕ್ಕಟ್ಟಿನ ಜಾಗದಲ್ಲಿ ತುರುಕುತ್ತದೆ. ನಿಧಾನಕ್ಕೆ ಬೇಕಾದಷ್ಟು ನೀರು ಸಂದಿಯಿಂದ ನುಸುಳುತ್ತದೆ, ವೇಗಕ್ಕೆ ಸಾಲುವುದಿಲ್ಲ. ನನ್ನ ಆಸಿಡ್ ಸುಣ್ಣ ಕರಗಿಸಿತೇ ಹೊರತು ರಬ್ಬರನ್ನು ಮುಟ್ಟಲಿಲ್ಲ. ವಾರವೆಲ್ಲ ನಾನು ಮೂವರನ್ನೂ ಕಳ್ಳರನ್ನು ವಿಚಾರಿಸಿದ ಹಾಗೆ ವಿಚಾರಿಸಿದ್ದೆ. ಅವರ ಲೆಕ್ಕದಲ್ಲಿ ಪೂಜೆ ಎಂಜಿನ್ ಓಡಿಸಿದ್ದೂ ಅಲ್ಲ, ಚಕ್ರ ಬದಲಿಸಿದ್ದು ರಿಪೇರಿಯೂ ಅಲ್ಲ. ಅದು ದೇವರ ಕೆಲಸ, ಬಾಳೆಕಂಬ ಕಟ್ಟಿದ ಹಾಗೆ.

ಎಲೆ ಬಿಟ್ಟು ಎದ್ದು, ಎಂಜಿನ್ನಿನಿಂದ ಹೊಗೆ ಮತ್ತು ನೀರು ಕೂಡಿ ಹೊರಹೋಗುವ ಮ್ಯಾನಿಫೋಲ್ಡಿನ ತಿರುವನ್ನು ಬಿಚ್ಚಿದೆ. ನಟ್ಟುಗಳು ತುಕ್ಕು ಹಿಡಿದು ಕೂತಿದ್ದವು, ಅರ್ಧ ದಿನ ಅವುಗಳ ಜೊತೆಯೇ ಗುದ್ದಾಟ. ಕೊನೆಗೆ ತಿರುವು ಕೈಗೆ ಬಂದಾಗ ಒಳಗೆ ಕಪ್ಪು ರಬ್ಬರು ಹುಣಿಸೆಹಣ್ಣಿನ ಉಂಡೆಯಂತೆ ಬಿಗಿದುಕೊಂಡಿತ್ತು. ಕೊಕ್ಕೆ ಹಾಕಿ ಕಿತ್ತು ಒಂದೊಂದನ್ನೇ ಕಲ್ಲಿನ ಮೇಲೆ ಇಟ್ಟೆ. ಎಷ್ಟೋ ವರ್ಷದ ರೆಕ್ಕೆಗಳು ಅಲ್ಲಿ ಸೇರಿದ್ದವು.

ನನ್ನ ಬಾಯಿಗೆ ಬಯ್ಗುಳ ಬಂದಿತ್ತು. ತಲೆ ಎತ್ತಿ ನೋಡಿದರೆ ಸರೋಜಮ್ಮ ಆ ಚೂರುಗಳನ್ನೇ ನೋಡುತ್ತಿದ್ದರು. ಲೆಕ್ಕದ ಟೀಚರು, ಬಿಡಿಸಿ ಹೇಳುವ ಅಗತ್ಯವಿರಲಿಲ್ಲ.

"ನಾನೇ ಸಾಯಿಸ್ದೆ ಅನ್ನು" ಎಂದರು.

"ಸತ್ತಿಲ್ಲಮ್ಮ. ಉಸಿರು ಕಟ್ಟಿತ್ತು ಅಷ್ಟೆ" ಎಂದೆ. ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ.

ಭಾನುವಾರ ಬೆಳಿಗ್ಗೆ ಸ್ಟೀರಿಂಗ್ ಹಿಡಿದವರು ಅವರೇ. ಸೀರೆಯ ಸೆರಗು ಸೊಂಟಕ್ಕೆ ಬಿಗಿದು ಕುಳಿತರು. ಪಕ್ಕದಲ್ಲಿ ನಾನು, ಕಣ್ಣು ಗೇಜಿನ ಮೇಲೆ. ವೇಗ ಕೊಟ್ಟಾಗ ದೋಣಿ ಮೂತಿ ಎತ್ತಿತು, ಹಿಂದೆ ನೀರು ಎರಡಾಗಿ ಸೀಳಿ ಬಿಳಿಯಾಗಿ ಎದ್ದಿತು. ಐದು ನಿಮಿಷವಾಯಿತು. ಹತ್ತಾಯಿತು. ಮುಳ್ಳು ಅಲುಗಲಿಲ್ಲ. ಏರಿಯ ಮೇಲೆ ಜನ ಕೇಕೆ ಹಾಕಿದರು. ಆ ವಾರದಲ್ಲಿ ಮೊದಲ ಸಲ ನಾನು ಬೆನ್ನು ಸೀಟಿಗೆ ಆನಿಸಿದೆ.

ದಡದ ಹತ್ತಿರ ಬಂದಾಗ ನೋಡಿದೆವು, ಹೋಟೆಲಿನವನ ಲಾರಿ ಬಂದು ನಿಂತಿತ್ತು, ಕ್ರೇನಿನ ಸರಪಳಿ ಇಳಿಸುತ್ತಿದ್ದರು. "ಇಂತ ದೂರಂ ಒಚ್ಚಾನು ಸಾರ್, ಒಟ್ಟಿ ಚೇತುಲತೋ ಎಲಾ ಪೋಯೇದಿ" ಎಂದು ಅವನು ಬಸವರಾಜುವಿನ ಕೈ ಹಿಡಿದುಕೊಂಡು ಗೋಗರೆಯುತ್ತಿದ್ದದ್ದು ನೀರಿನವರೆಗೂ ಕೇಳುತ್ತಿತ್ತು. ಇಷ್ಟು ದೂರ ಬಂದು ಬರಿಗೈಲಿ ಹೋಗಲಾರೆ ಎಂಬುದು ಅವನ ಹಟ. ಬಸವರಾಜು ತಲೆ ಕೆರೆದುಕೊಳ್ಳುತ್ತ ನಿಂತಿದ್ದ.

"ಓಡಿದ್ರೆ ಬಿಡ್ತೀನಿ ಅಂದೋನು ಸರಪಳಿ ಇಳಿಸೋದು ನೋಡ್ತಾ ನಿಂತವ್ನೆ" ಎಂದರು ಸರೋಜಮ್ಮ. ಸ್ಟೀರಿಂಗ್ ತಿರುಗಿಸಿ ಮತ್ತೆ ನಡುನೀರಿಗೆ ಬಿಟ್ಟರು.

"ಸಾಕಮ್ಮ, ದಡಕ್ಕೆ ಹೋಗೋಣ" ಎಂದೆ. "ಇನ್ನೊಂದು ಸುತ್ತು" ಎಂದರು. ಆಮೇಲೆ ಇನ್ನೊಂದು. ಎಷ್ಟು ಬೇಡಿಕೊಂಡರೂ ಕೇಳಲಿಲ್ಲ. ಕೊನೆಗೆ ಕೆರೆಯ ನಟ್ಟನಡುವೆ ಎಂಜಿನ್ ಎರಡು ಸಲ ಕೆಮ್ಮಿ ನಿಂತುಬಿಟ್ಟಿತು. ಎಂಜಿನ್ ಕಾಯ್ದು ಹಿಡಿದುಕೊಂಡಿತು, ವಾರದ ಕೆಲಸ ನೀರುಪಾಲು ಎಂದುಕೊಂಡು ಮುಚ್ಚಳ ತೆಗೆದೆ. ಎಲ್ಲ ತಣ್ಣಗೆ ಸರಿಯಾಗಿತ್ತು. ಪೆಟ್ರೋಲು ಮುಗಿದಿತ್ತು.

"ಆ ಲಾರಿ ಹೋಗೋಗಂಟ ನಾನು ಇಳಿಯಾಕಿಲ್ಲ" ಎಂದು ಸರೋಜಮ್ಮ ಕೈ ಕಟ್ಟಿ ಕುಳಿತರು. ಹಗ್ಗ ತಂದ ತೆಪ್ಪದವನನ್ನೂ ವಾಪಸು ಕಳಿಸಿದರು. ಬಿಸಿಲು ಏರಿತು. ಏರಿಯ ಮೇಲಿನ ಜನ ಈಗ ಹೋಟೆಲಿನವನ ಸುತ್ತ ಸೇರಿ ಗದ್ದಲ ಮಾಡುತ್ತಿದ್ದರು. ತುಂಬ ಹೊತ್ತಿನ ಮೇಲೆ ಸರಪಳಿ ಮೇಲಕ್ಕೆ ಹೋಯಿತು, ಲಾರಿ ಹೊರಟಿತು. ಆಮೇಲೆ ತೆಪ್ಪ ನಮ್ಮನ್ನು ಎಳೆದು ತಂದಾಗ, ಬಸವರಾಜು ಬಿಳಿ ಪಂಚೆಯಲ್ಲೇ ಮೊಳಕಾಲುದ್ದ ನೀರಿಗಿಳಿದು ಹಗ್ಗ ಹಿಡಿದ.

"ಕಳಿಸ್ದೆ ನಡಿಯಕ್ಕ, ಊಟ ಮಾಡೋಣ" ಎಂದ. "ಮಿಷನ್ನಿಗೆ ಬ್ಯಾರೆ ಶೆಡ್ಡು ಕಟ್ಟಿಸ್ತೀನಿ."

ಸರೋಜಮ್ಮ ಅವನ ಹೆಗಲು ಹಿಡಿದು ಇಳಿದರು. ತಮ್ಮನ ತೊಯ್ದ ಪಂಚೆ ನೋಡಿ ನಕ್ಕರು, ನಗುತ್ತ ನಗುತ್ತ ಅತ್ತರು.

ಆ ವಾರದ ತನಕ ಕೆಟ್ಟ ಯಂತ್ರ ತಂದವರನ್ನೆಲ್ಲ "ಏನು ಮಾಡಿ ಕೆಡಿಸಿದ್ರಿ?" ಎಂದು ಗದರಿಸಿಯೇ ಕೆಲಸ ಶುರು ಮಾಡುತ್ತಿದ್ದವನು ನಾನು. ಆ ಪ್ರಶ್ನೆಗೆ ಯಾರೂ ನಿಜ ಹೇಳುವುದಿಲ್ಲ, ಎಷ್ಟೋ ಸಲ ನಿಜ ಅವರಿಗೇ ಗೊತ್ತಿರುವುದಿಲ್ಲ. ಈಗ ಕುರ್ಚಿ ಹಾಕಿ ಕೂರಿಸಿ, "ಇದನ್ನ ಹೆಂಗೆ ಜೋಪಾನ ಮಾಡಿದ್ರಿ, ಹೇಳಿ" ಎನ್ನುತ್ತೇನೆ. ಜನ ಸಂತೋಷದಿಂದ ಎಲ್ಲವನ್ನೂ ಹೇಳುತ್ತಾರೆ. ಕೆಟ್ಟದ್ದು ಎಲ್ಲಿ ಎಂಬುದು ಸಾಮಾನ್ಯವಾಗಿ ಅದರೊಳಗೇ ಸಿಗುತ್ತದೆ.